ಟೆಲಿವಿಷನ್ ಅಭಿಮಾನಿಗಳ ಆನ್‌ಲೈನ್ ಚರ್ಚಾಕೂಟಗಳು

ಒಂದೇ ಧಾರಾವಾಹಿಯನ್ನು ನೋಡುವ, ಆದರೆ ಒಬ್ಬರ ಮುಖ ಒಬ್ಬರು ಕಂಡಿರದ ಸಾವಿರಾರು ಜನ ಕಂಪ್ಯೂಟರ್ ಜಾಲದಲ್ಲಿ ಸೇರಿ ಮಾತಾಡಿಕೊಳ್ಳಲು ಕಟ್ಟಿಕೊಂಡ ಜಾಗಗಳೇ ಅಭಿಮಾನಿ ಚರ್ಚಾಕೂಟಗಳು. 1980ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಯೂಸ್‌ನೆಟ್‌ನಲ್ಲಿ ಹುಟ್ಟಿ, ಮುಂದೆ ವೆಬ್ ತಾಣಗಳಿಗೆ, ಅಲ್ಲಿಂದ ರೆಡಿಟ್ ಮತ್ತು ಡಿಸ್ಕಾರ್ಡ್‌ಗೆ ಇವು ಜಾಗ ಬದಲಿಸುತ್ತ ಬಂದಿವೆ. ಮೇಲ್ನೋಟಕ್ಕೆ ಇಲ್ಲಿರುವುದು ವಿಷಯವಾರು ವಿಂಗಡಣೆ: ಧಾರಾವಾಹಿಗೊಂದು ವಿಭಾಗ, ಕಂತಿಗೊಂದು ಥ್ರೆಡ್, ಪಾತ್ರಕ್ಕೊಂದು ಮೂಲೆ. ಗ್ರಂಥಾಲಯದ ಕಪಾಟುಗಳನ್ನು ಜೋಡಿಸುವ ಕ್ರಮವೇ ಇದು ಎಂದು ತೋರಬಹುದು. ಆದರೆ ಈ ಕೂಟಗಳ ನಿಯಮಗಳನ್ನೂ ಜಗಳಗಳನ್ನೂ ಒಡಕುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೋಡೆಗಳು ಎದ್ದಿರುವುದು ಬೇರೆ ಕಡೆ. ಯಾವ ವಿಷಯದ ಬಗ್ಗೆ ಮಾತು ಎನ್ನುವುದಕ್ಕಿಂತ, ಮಾತಾಡುವವರು ಕಥೆಯನ್ನು ಎಲ್ಲಿಯವರೆಗೆ ನೋಡಿದ್ದಾರೆ ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಟೆಲಿವಿಷನ್ ಕಥೆ ಕಂತುಕಂತಾಗಿ, ಊರೂರಿಗೆ ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ಹಾಗಾಗಿ ಅದರ ಚರ್ಚೆಯನ್ನು ಅಚ್ಚುಕಟ್ಟಾಗಿ ಇಡುವುದೆಂದರೆ ಮೊದಲಿಗೆ ಕಾಲವನ್ನು ಅಚ್ಚುಕಟ್ಟು ಮಾಡುವುದು. ಈ ಲೇಖನದಲ್ಲಿ ಆ ಮಾತಿಗೆ ಆಧಾರಗಳನ್ನು ಕೊಟ್ಟು, ಅದರ ವಿರುದ್ಧ ಹೇಳಬಹುದಾದ್ದನ್ನೂ ಪರಿಶೀಲಿಸಿದೆ.

ಯೂಸ್‌ನೆಟ್ 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ರೂಪಿಸಿದ ಸಂದೇಶಜಾಲ. ಅದಕ್ಕೆ ಕೇಂದ್ರವೆಂಬುದು ಇರಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟುತ್ತಿತ್ತು. 1987ರ ಹೊತ್ತಿಗೆ ಗುಂಪುಗಳ ಹೆಸರುಗಳನ್ನೆಲ್ಲ ಹೊಸದಾಗಿ ವರ್ಗೀಕರಿಸಿದಾಗ ಟೆಲಿವಿಷನ್‌ಗೆ ‘ರೆಕ್.ಆರ್ಟ್ಸ್.ಟಿವಿ’ ಎಂಬ ನೆಲೆ ಸಿಕ್ಕಿತು. ಹಗಲು ಹೊತ್ತಿನ ದೈನಂದಿನ ಧಾರಾವಾಹಿಗಳಿಗೆ ‘ರೆಕ್.ಆರ್ಟ್ಸ್.ಟಿವಿ.ಸೋಪ್ಸ್’ ಎಂಬ ಪ್ರತ್ಯೇಕ ಗುಂಪು ನಡೆಯುತ್ತಿತ್ತು. ಈ ಗುಂಪಿನ ಬಗ್ಗೆ ನಮಗೆ ಇಷ್ಟು ವಿವರವಾಗಿ ತಿಳಿದಿರುವುದು ನ್ಯಾನ್ಸಿ ಬೇಮ್ ಎಂಬ ಸಂವಹನ ವಿದ್ವಾಂಸೆಯಿಂದ. ಅವರು 1990ರ ದಶಕದ ಮೊದಲ ವರ್ಷಗಳಲ್ಲಿ ಗುಂಪಿನ ಒಳಗಿದ್ದುಕೊಂಡೇ ಅಧ್ಯಯನ ನಡೆಸಿ, ಅದನ್ನು 2000ದಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಗಂಡಸರೇ ತುಂಬಿದ್ದ ಅಂದಿನ ಜಾಲದಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿದ್ದ ಕೆಲವೇ ಕೂಟಗಳಲ್ಲಿ ಇದೂ ಒಂದು. ಮುಂದಿನ ತಾಣಗಳು ತಾವೇ ಕಂಡುಹಿಡಿದೆವೆಂದು ಭಾವಿಸಿದ ಅನೇಕ ಪದ್ಧತಿಗಳು ಇಲ್ಲಿ ಆಗಲೇ ಚಾಲ್ತಿಯಲ್ಲಿದ್ದವು ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಇಂಟರ್‌ನೆಟ್ಟಿನ ಇತಿಹಾಸ ಬರೆಯುವವರು ಈ ಹೆಂಗಸರ ಕೆಲಸವನ್ನು ಬಹಳ ಸಲ ಬಿಟ್ಟೇಬಿಡುತ್ತಾರೆ.

ಈ ಗುಂಪಿನ ಒಂದು ಸಂದೇಶದ ಶೀರ್ಷಿಕೆಯ ಸಾಲನ್ನು ಹತ್ತಿರದಿಂದ ನೋಡಿದರೆ ಅವರ ಯೋಚನೆಯ ಜಾಡು ಸಿಗುತ್ತದೆ. ಮೊದಲಿಗೆ ಧಾರಾವಾಹಿಯ ಹೆಸರಿನ ಮೊದಲಕ್ಷರಗಳು. ‘ಆಲ್ ಮೈ ಚಿಲ್ಡ್ರನ್’ ಆದರೆ ಎ, ಎಂ, ಸಿ. ಆಮೇಲೆ ಸಂದೇಶದ ಜಾತಿ ಯಾವುದೆಂಬ ಸೂಚನೆ: ಅಂದಿನ ಕಂತಿನ ಕಥಾಸಾರವಾದರೆ ‘ಅಪ್‌ಡೇಟ್’, ಇನ್ನೂ ಪ್ರಸಾರವಾಗದ ಸುದ್ದಿಯಾದರೆ ‘ಸ್ಪಾಯ್ಲರ್’, ಧಾರಾವಾಹಿಯನ್ನು ಬಿಟ್ಟು ಮನೆ, ಮಕ್ಕಳು, ಕೆಲಸದ ಮಾತಾದರೆ ‘ಟ್ಯಾನ್’, ಎಂದರೆ ದಾರಿಬಿಟ್ಟ ಹರಟೆ. ಹೀಗೆ ಗುರುತು ಹಾಕಬೇಕಾದ ಕಾರಣ ಸ್ಪಷ್ಟವಾಗಿದೆ. ಈ ಧಾರಾವಾಹಿಗಳು ಪ್ರಸಾರವಾಗುತ್ತಿದ್ದುದು ವಾರದ ಐದು ದಿನ, ಅದೂ ಮಧ್ಯಾಹ್ನದ ಹೊತ್ತು. ಕಂಪ್ಯೂಟರ್ ಸಂಪರ್ಕ ಸಿಗುತ್ತಿದ್ದುದು ಕಚೇರಿಯಲ್ಲಿ ಅಥವಾ ವಿಶ್ವವಿದ್ಯಾಲಯದಲ್ಲಿ, ಎಂದರೆ ಟಿವಿ ಇಲ್ಲದ ಕಡೆ. ಒಬ್ಬರು ಅಂದೇ ನೋಡಿದ್ದರೆ, ಇನ್ನೊಬ್ಬರು ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಟ್ಟು ರಾತ್ರಿ ನೋಡುವವರು, ಮತ್ತೊಬ್ಬರು ವಾರಾಂತ್ಯಕ್ಕೆ ಐದೂ ಕಂತು ಒಟ್ಟಿಗೆ ನೋಡುವವರು, ನೋಡಲು ಸಾಧ್ಯವೇ ಆಗದೆ ಕಥಾಸಾರವನ್ನೇ ನೆಚ್ಚಿಕೊಂಡವರೂ ಇದ್ದರು. ಕಥಾಸಾರ ಬರೆಯುವ ಕೆಲಸವನ್ನು ಸ್ವಯಂಸೇವಕರು ವಾರದ ದಿನಗಳಂತೆ ಹಂಚಿಕೊಂಡಿದ್ದರು. ಸಂಬಳವಿಲ್ಲದ ಈ ದುಡಿಮೆಯ ಮೇಲೆಯೇ ಕೂಟ ನಿಂತಿತ್ತು. ಹಿಂದೆ ಬಿದ್ದವರನ್ನು ಮುಂದಿನವರ ಜೊತೆಗೆ ತಂದು ಸೇರಿಸುವುದೇ ಅದರ ಉದ್ದೇಶ. ಮುಂದೆ ಸಂದೇಶಗಳ ರಾಶಿ ಹೆಚ್ಚಾಗಿ 1990ರ ದಶಕದ ನಡುವೆ ಗುಂಪನ್ನು ಒಡೆಯಬೇಕಾಗಿ ಬಂದಾಗ, ಎಬಿಸಿ ವಾಹಿನಿಗೊಂದು, ಸಿಬಿಎಸ್‌ಗೊಂದು, ಉಳಿದವಕ್ಕೊಂದು ಎಂದು ಒಡೆದರು. ಕೌಟುಂಬಿಕ ಕಥೆ, ಆಸ್ಪತ್ರೆಯ ಕಥೆ ಎಂಬ ವಸ್ತುವಿನ ಪ್ರಕಾರ ಒಡೆಯಲಿಲ್ಲ. ವೀಕ್ಷಕರು ಒಂದು ವಾಹಿನಿ ಹಾಕಿದರೆ ಅದರಲ್ಲೇ ಸಾಲಾಗಿ ಬರುವ ಧಾರಾವಾಹಿಗಳನ್ನು ನೋಡುವವರಾದ್ದರಿಂದ ಇಲ್ಲೂ ಗೆರೆ ಎಳೆದದ್ದು ಪ್ರಸಾರದ ವೇಳಾಪಟ್ಟಿಯೇ.

ಹೊಸ ಗುಂಪು ಹುಟ್ಟಿಸುವುದು ಯೂಸ್‌ನೆಟ್ಟಿನ ಮುಖ್ಯ ವಿಭಾಗಗಳಲ್ಲಿ ಸುಲಭವಿರಲಿಲ್ಲ. ಪ್ರಸ್ತಾವ, ಚರ್ಚೆ, ಆಮೇಲೆ ಮತದಾನ; ಬೇಡ ಎಂದವರಿಗಿಂತ ಬೇಕು ಎಂದವರು ಕನಿಷ್ಠ ನೂರು ಹೆಚ್ಚಿರಬೇಕು, ಒಟ್ಟು ಮತದ ಮೂರರಲ್ಲಿ ಎರಡು ಪಾಲೂ ಇರಬೇಕು. ಹೊಸ ಧಾರಾವಾಹಿ ಶುರುವಾದ ವಾರದಲ್ಲೇ ಮಾತಾಡಬೇಕೆಂದಿರುವವರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅಂಥವರಿಗೆ ನೆರವಾದದ್ದು 1987ರಲ್ಲಿ ಹುಟ್ಟಿದ ‘ಆಲ್ಟ್’ ವಿಭಾಗ. ಅಲ್ಲಿ ಮತದಾನವಿಲ್ಲ, ಅಪ್ಪಣೆ ಬೇಕಿಲ್ಲ. 1990ರ ಏಪ್ರಿಲ್ 8ರಂದು ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಅವರ ‘ಟ್ವಿನ್ ಪೀಕ್ಸ್’ ಎಬಿಸಿಯಲ್ಲಿ ಆರಂಭವಾದ ಕೆಲವೇ ವಾರಗಳಲ್ಲಿ ಅಲ್ಲಿ ಅದರ ಗುಂಪು ತಲೆಯೆತ್ತಿತು. ಕಥೆಯಲ್ಲಿನ ಕೊಲೆ ಮಾಡಿದವರು ಯಾರು ಎಂಬ ಪ್ರಶ್ನೆಯ ಬೆನ್ನುಹತ್ತಿ ಅಭಿಮಾನಿಗಳು ವಿಸಿಆರ್‌ನಲ್ಲಿ ಚಿತ್ರಚಿತ್ರವನ್ನೂ ನಿಲ್ಲಿಸಿ ನೋಡಿದರು, ಘಟನೆಗಳ ಕಾಲಾನುಕ್ರಮಣಿಕೆ ಬರೆದರು, ಸುಳಿವುಗಳ ಪಟ್ಟಿ ಮಾಡಿದರು. ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್ ಈ ಗುಂಪಿನ ಬಗ್ಗೆ ಬರೆದ ಪ್ರಬಂಧ ಅಭಿಮಾನಿ ಅಧ್ಯಯನದಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದೇ ಧಾರಾವಾಹಿ ಬ್ರಿಟನ್ನಿನ ಬಿಬಿಸಿ2ರಲ್ಲಿ ಶುರುವಾದದ್ದು ಅಕ್ಟೋಬರಿನಲ್ಲಿ. ಜಾಲಕ್ಕೆ ದೇಶದ ಗಡಿಯಿಲ್ಲ, ಪ್ರಸಾರಕ್ಕೆ ಇದೆ. ಆರು ತಿಂಗಳು ಹಿಂದಿರುವ ಬ್ರಿಟಿಷ್ ಓದುಗನಿಗೆ ಅಮೆರಿಕದವರ ಪ್ರತಿಯೊಂದು ಸಂದೇಶವೂ ಗುಟ್ಟು ರಟ್ಟು ಮಾಡುವಂಥದ್ದು.

ಇದಕ್ಕೆ ಅಂದಿನವರು ಕಂಡುಕೊಂಡ ಉಪಾಯಗಳು ಬರೀ ಅಕ್ಷರಗಳ ಪರದೆಯಲ್ಲೇ ಮಾಡಬಹುದಾದಂಥವು. ಶೀರ್ಷಿಕೆಯಲ್ಲಿ ಎಚ್ಚರಿಕೆ ಬರೆದು, ಕೆಳಗೆ ಇಪ್ಪತ್ತು ಮೂವತ್ತು ಸಾಲು ಖಾಲಿ ಬಿಡುವುದು ಒಂದು. ಗುಟ್ಟು ಮೊದಲ ಪರದೆಯಿಂದಾಚೆಗೆ ಹೋಗಿಬಿಡುತ್ತಿತ್ತು, ಓದಲೇಬೇಕೆಂದವರು ಮಾತ್ರ ಕೆಳಗಿಳಿಯುತ್ತಿದ್ದರು. ಕೀಲಿಮಣೆಯ ಒಂದು ನಿಯಂತ್ರಣ ಸಂಕೇತ ಸೇರಿಸಿ ಪರದೆ ಅಲ್ಲೇ ನಿಲ್ಲುವಂತೆ ಮಾಡುವುದು ಇನ್ನೊಂದು. ಮೂರನೆಯದು ರಾಟ್13: ಇಂಗ್ಲಿಷ್ ವರ್ಣಮಾಲೆಯ ಪ್ರತಿ ಅಕ್ಷರದ ಜಾಗದಲ್ಲಿ ಅದರಿಂದ ಹದಿಮೂರನೆಯ ಅಕ್ಷರ ಇಡುವುದು. ಇಪ್ಪತ್ತಾರು ಅಕ್ಷರಗಳಿರುವುದರಿಂದ ಇನ್ನೊಮ್ಮೆ ಹಾಗೆಯೇ ಮಾಡಿದರೆ ಮೂಲ ಬರಹ ಮರಳುತ್ತದೆ. ಯಾರು ಬೇಕಾದರೂ ಬಿಡಿಸಬಹುದಾದ ಈ ಬೀಗದ ಉದ್ದೇಶ ಮುಚ್ಚಿಡುವುದಲ್ಲ, ಕಣ್ಣು ತಪ್ಪಿ ಬೀಳದಂತೆ ನೋಡಿಕೊಳ್ಳುವುದು. ಓದುವ ಆಯ್ಕೆ ಓದುಗರ ಕೈಯಲ್ಲೇ ಉಳಿಯಿತು. ಇಂದು ರೆಡಿಟ್‌ನಲ್ಲಿ, ಡಿಸ್ಕಾರ್ಡ್‌ನಲ್ಲಿ ಕಪ್ಪು ಪಟ್ಟಿಯ ಕೆಳಗೆ ಅಡಗಿರುವ ಸಾಲನ್ನು ಬೆರಳಿಟ್ಟು ತೆರೆಯುವಾಗ ನಡೆಯುವುದೂ ಅದೇ.

ಎಲ್ಲ ಕೂಟಗಳ ಗೋಡೆಗಳೂ ಇದೊಂದರಿಂದಲೇ ಎದ್ದವೆಂದರೆ ತಪ್ಪಾದೀತು, ಮತ್ತು ‘ಬ್ಯಾಬಿಲಾನ್ 5’ರ ಪ್ರಕರಣ ಅದಕ್ಕೆ ಒಳ್ಳೆಯ ಪರೀಕ್ಷೆ. ಅದರ ನಿರ್ಮಾತೃ ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿ ತಮ್ಮ ವೈಜ್ಞಾನಿಕ ಧಾರಾವಾಹಿಯ ಐದು ವರ್ಷದ ಕಥೆಯನ್ನು ಮೊದಲೇ ಯೋಜಿಸಿಕೊಂಡಿದ್ದರು ಮತ್ತು ಅಭಿಮಾನಿಗಳ ಜೊತೆ ಯೂಸ್‌ನೆಟ್‌ನಲ್ಲಿ, ಜೀನೀ ಮತ್ತು ಕಂಪ್ಯುಸರ್ವ್ ಎಂಬ ಆನ್‌ಲೈನ್ ಸೇವೆಗಳಲ್ಲಿ ನೇರವಾಗಿ ಮಾತಾಡುತ್ತಿದ್ದರು. ಅವರ ಷರತ್ತು ಒಂದೇ: ಯಾರೂ ಕಥೆಯ ಐಡಿಯಾ ಬರೆಯಬಾರದು. ಆದರೆ ಅಭಿಮಾನಿಯೊಬ್ಬರು ಬರೆದ ಊಹೆಯೊಂದು ಸ್ಟ್ರಾಜಿನ್‌ಸ್ಕಿ ಆಗಲೇ ಯೋಚಿಸಿಟ್ಟಿದ್ದ ‘ಪಾಸಿಂಗ್ ಥ್ರೂ ಗೆತ್ಸೆಮನೆ’ ಎಂಬ ಕಂತಿಗೆ ಹತ್ತಿರವಾಗಿಬಿಟ್ಟಿತು. ಕೃತಿಚೌರ್ಯದ ಆಪಾದನೆ ಬಾರದಿರಲೆಂದು ಆ ಕಂತನ್ನು ಬದಿಗಿಡಬೇಕಾಯಿತು. ಅಭಿಮಾನಿ ತಮಗೆ ಹಕ್ಕಿಲ್ಲವೆಂದು ಬರೆದುಕೊಟ್ಟ ಮೇಲೆ ಅದು 1995ರಲ್ಲಿ ಪ್ರಸಾರವಾಯಿತು. ಮರುವರ್ಷ ಪ್ರತಿ ಸಂದೇಶವನ್ನೂ ಮೊದಲೇ ಓದಿ ಬಿಡುವ, ಕಥೆಯ ಐಡಿಯಾಗಳಿಗೆ ಪ್ರವೇಶವಿಲ್ಲದ ಪ್ರತ್ಯೇಕ ಗುಂಪು ಸ್ಥಾಪನೆಯಾಯಿತು. ಇಲ್ಲಿ ಗೋಡೆ ಕಟ್ಟಿದ್ದು ಕೃತಿಸ್ವಾಮ್ಯ ಕಾನೂನು, ನಿಜ. ಆದರೆ ತೊಂದರೆ ಬಂದದ್ದು ಯಾವುದರಿಂದ? ಇನ್ನೂ ಬರೆಯದ, ಪ್ರಸಾರವಾಗದ ಕಂತುಗಳ ಬಗೆಗಿನ ಊಹೆಯಿಂದ. ಮುಗಿದ ಕಂತನ್ನು ಎಷ್ಟು ಬೈದರೂ ಹೊಗಳಿದರೂ ಅಡ್ಡಿಯಿರಲಿಲ್ಲ; ಗೋಡೆ ಎದ್ದದ್ದು ಮುಂಬರುವ ಕಥೆಯ ಕಡೆಗೆ ಮಾತ್ರ.

ವೆಬ್ ಬಂದ ಮೇಲೆ ಜಾಗ ಯಾರದ್ದೋ ಒಬ್ಬರ ಸ್ವತ್ತಾಯಿತು, ನಿಯಮ ಜಾರಿಗೊಳಿಸುವ ಅಧಿಕಾರವೂ ಅವರಿಗೆ ಸಿಕ್ಕಿತು. ಅದರ ಹೆಸರಾಂತ ಉದಾಹರಣೆ ‘ಟೆಲಿವಿಷನ್ ವಿದೌಟ್ ಪಿಟಿ’. ಟಾರಾ ಅರಿಯಾನೊ, ಸಾರಾ ಬಂಟಿಂಗ್ ಮತ್ತು ಡೇವಿಡ್ ಕೋಲ್ 1998ರಲ್ಲಿ ಒಂದೇ ಧಾರಾವಾಹಿಗಾಗಿ ಆರಂಭಿಸಿದ ತಾಣ 2002ರ ಹೊತ್ತಿಗೆ ಈ ಹೆಸರು ಪಡೆದು ಹತ್ತಾರು ಧಾರಾವಾಹಿಗಳ ಕೂಟವಾಗಿತ್ತು. ಪ್ರತಿ ಧಾರಾವಾಹಿಗೂ ಒಂದು ವಿಭಾಗ, ಒಳಗೆ ಕಂತುಗಳ ಥ್ರೆಡ್‌ಗಳು, ಪಾತ್ರಗಳ ಥ್ರೆಡ್‌ಗಳು, ಎಲ್ಲದರಿಂದ ದೂರವಾಗಿ ಸ್ಪಾಯ್ಲರ್ ಥ್ರೆಡ್. ಇಲ್ಲಿನ ಮಾಡರೇಟರ್‌ಗಳು ಕಟ್ಟುನಿಟ್ಟಿಗೆ ಹೆಸರಾದವರು. ಹಿಂದಿನ ಪುಟಗಳನ್ನು ಓದದೆ ಬರೆಯುವಂತಿಲ್ಲ. ಯಾರೋ ಆಗಲೇ ಹೇಳಿದ್ದನ್ನು ಮತ್ತೆ ಹೇಳುವುದು ಅಲ್ಲಿ ಅಪರಾಧಕ್ಕೆ ಸಮ. ಇದನ್ನು ದರ್ಪವೆಂದು ದೂರಿದವರು ಬಹಳ ಮಂದಿ. ‘ದಿ ವೆಸ್ಟ್ ವಿಂಗ್’ ಧಾರಾವಾಹಿಯ ಕರ್ತೃ ಆರನ್ ಸಾರ್ಕಿನ್ ಈ ತಾಣದಲ್ಲಿ ಜಗಳಕ್ಕೆ ಬಿದ್ದ ಮೇಲೆ, 2002ರ ಒಂದು ಕಂತಿನಲ್ಲಿ ಅಭಿಮಾನಿ ಕೂಟದ ಯಜಮಾನಿಕೆಯನ್ನೇ ಕಥೆಯ ಎಳೆಯಾಗಿ ತಂದರು. ಆದರೂ ಆ ನಿಯಮದ ಹಿಂದಿನ ತರ್ಕ ಸರಿಯಾದದ್ದು. ಹಿಂದಿನ ಪುಟ ಓದಿ ಬಂದವರಿಗೆ ಚರ್ಚೆ ಎಲ್ಲಿಗೆ ಮುಟ್ಟಿದೆಯೆಂದು ಗೊತ್ತಿರುತ್ತದೆ. ಕಥೆಯಲ್ಲಿ ಹೇಗೋ ಹಾಗೆ ಚರ್ಚೆಯಲ್ಲೂ ಎಲ್ಲರೂ ಒಂದೇ ಹಂತದಲ್ಲಿ ಇರಬೇಕೆಂಬುದು ಅದರ ಆಶಯ. ಮಾರ್ಕ್ ಆಂಡ್ರಿಯೆವಿಕ್ 2008ರ ತಮ್ಮ ಅಧ್ಯಯನದಲ್ಲಿ ಇಲ್ಲಿನ ಅಭಿಮಾನಿಗಳು ಟಿವಿ ಉದ್ಯಮಕ್ಕೆ ಪುಕ್ಕಟೆ ಮಾರುಕಟ್ಟೆ ಸಂಶೋಧನೆ ಮಾಡಿಕೊಡುತ್ತಿದ್ದಾರೆ ಎಂದು ವಾದಿಸಿದರು. 2007ರಲ್ಲಿ ತಾಣವನ್ನು ಬ್ರಾವೊ ವಾಹಿನಿ ಕೊಂಡುಕೊಂಡದ್ದು ಅವರ ಮಾತಿಗೆ ಬಲ ಕೊಡುತ್ತದೆ.

ಕಾಲದ ಅಂತರ ಕೂಟವನ್ನು ಹೇಗೆ ರೂಪಿಸುತ್ತದೆ ಎಂಬುದು ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ‘ಗೇಮ್ ಆಫ್ ಥ್ರೋನ್ಸ್’ನಲ್ಲಿ. ಎಚ್‌ಬಿಒ ಅದನ್ನು 2011ರ ಏಪ್ರಿಲ್ 17ರಂದು ಆರಂಭಿಸಿದಾಗ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಮೂಲ ಕಾದಂಬರಿಗಳ ನಾಲ್ಕು ಸಂಪುಟ ಹೊರಬಂದಿದ್ದವು, ಐದನೆಯದು ಅದೇ ಜುಲೈಯಲ್ಲಿ ಬಂತು. ಹಾಗಾಗಿ ಮೊದಲ ದಿನದಿಂದಲೇ ಎರಡು ಜನಾಂಗ: ಮುಂದಿನದೆಲ್ಲ ಗೊತ್ತಿರುವ ಓದುಗರು, ಏನೂ ಗೊತ್ತಿಲ್ಲದ ನೋಡುಗರು. ಕಾದಂಬರಿಗಳ ಅಭಿಮಾನಿಗಳದೇ ಆದ ವೆಸ್ಟೆರೋಸ್ ತಾಣದ ಹಳೆಯ ಕೂಟ ಧಾರಾವಾಹಿಗೆ ಬೇರೆ ವಿಭಾಗಗಳನ್ನು ತೆರೆಯಿತು. ದಿ ಎ.ವಿ. ಕ್ಲಬ್ ಪತ್ರಿಕೆ ಒಂದೇ ಕಂತಿಗೆ ‘ಎಕ್ಸ್‌ಪರ್ಟ್ಸ್’ ಮತ್ತು ‘ನ್ಯೂಬೀಸ್’ ಎಂದು ಎರಡು ವಿಮರ್ಶೆ ಪ್ರಕಟಿಸಿತು, ಎರಡರ ಕೆಳಗೂ ಪ್ರತ್ಯೇಕ ಚರ್ಚೆ. ರೆಡಿಟ್‌ನಲ್ಲಿ ಧಾರಾವಾಹಿಯ ಹೆಸರಿನದೊಂದು, ಕಾದಂಬರಿ ಮಾಲೆಯ ಹೆಸರಿನದೊಂದು ಸಬ್‌ರೆಡಿಟ್ ನಡೆದವು. ಎರಡನೆಯದರಲ್ಲಿ ಶೀರ್ಷಿಕೆಯಲ್ಲೇ ಗಡಿ ಘೋಷಿಸದೆ ಪೋಸ್ಟ್ ಹಾಕುವಂತಿಲ್ಲ. ‘ಮೇನ್’ ಎಂದಿದ್ದರೆ ಮುಖ್ಯ ಕಾದಂಬರಿಗಳು ಮತ್ತು ಧಾರಾವಾಹಿ. ‘ಎಕ್ಸ್‌ಟೆಂಡೆಡ್’ ಎಂದಿದ್ದರೆ ಉಪಕಥೆಗಳು, ಸಂದರ್ಶನಗಳು, ಬಾರದ ಆರನೇ ಕಾದಂಬರಿಯಿಂದ ಮಾರ್ಟಿನ್ ಅಲ್ಲಲ್ಲಿ ಓದಿದ ಅಧ್ಯಾಯಗಳು. ‘ಪಬ್ಲಿಷ್ಡ್’ ಎಂದಿದ್ದರೆ ಅಚ್ಚಾದ ಪುಸ್ತಕ ಮಾತ್ರ, ಧಾರಾವಾಹಿಯ ಸುದ್ದಿ ಬೇಡ. ಇಲ್ಲಿ ವಿಷಯವೆಂಬುದು ಎಲ್ಲ ಕಡೆ ಒಂದೇ. ಬದಲಾಗುವುದು ತಿಳಿವಿನ ಮಟ್ಟ.

2013ರ ಜೂನ್ 2ರಂದು ಪ್ರಸಾರವಾದ ಕಂತಿನಲ್ಲಿ, ಮದುವೆ ಮನೆಯಲ್ಲಿ ಕಥೆಯ ಮುಖ್ಯ ಪಾತ್ರಗಳನ್ನೇ ಕೊಲ್ಲುವ ಪ್ರಸಂಗ ಬರುತ್ತದೆ. ಅದು ಕಾದಂಬರಿಯಲ್ಲಿ ಅಚ್ಚಾದದ್ದು 2000ದಲ್ಲಿ. ಹದಿಮೂರು ವರ್ಷ ಪುಸ್ತಕದಂಗಡಿಯಲ್ಲಿ ಬಹಿರಂಗವಾಗಿ ಸಿಗುತ್ತಿದ್ದ ಸಂಗತಿಯೊಂದು ಲಕ್ಷಾಂತರ ವೀಕ್ಷಕರಿಗೆ ಆ ರಾತ್ರಿಯವರೆಗೂ ತಿಳಿಯದೆ ಉಳಿಯಿತೆಂದರೆ, ಓದುಗರು ಎಷ್ಟು ಶಿಸ್ತಿನಿಂದ ನಾಲಿಗೆ ಬಿಗಿಹಿಡಿದಿದ್ದರು ಎಂಬುದು ಗೊತ್ತಾಗುತ್ತದೆ. ಅಭಿಮಾನಿ ಸಂಘಟನೆಯ ಇತಿಹಾಸದಲ್ಲಿ ಇದು ದೊಡ್ಡ ಸಾಧನೆಯೆಂದೇ ಪರಿಗಣಿಸಬೇಕು. ಯಾವ ಕಂಪನಿಯೂ ಹೇಳಿಕೊಡದೆ ನಡೆದದ್ದದು. ಆಮೇಲೆ 2016ರ ಆರನೇ ಸೀಸನ್‌ನಲ್ಲಿ ಧಾರಾವಾಹಿ ಪುಸ್ತಕಗಳನ್ನು ದಾಟಿ ಮುಂದೆ ಹೋಯಿತು. ಐದು ವರ್ಷ ಗುಟ್ಟು ಕಾಯ್ದವರು ಈಗ ಗುಟ್ಟಿಗೆ ಹೆದರುವವರಾದರು. ಪುಸ್ತಕವೇ ಮೊದಲು ಬರಲೆಂದು ಕಾದಿದ್ದ ಓದುಗರಿಗಾಗಿ ಧಾರಾವಾಹಿಯ ಮಾತಿಲ್ಲದ ಜಾಗ ಬೇಕಾಯಿತು. ಕಥೆ ಅದೇ, ಜನ ಅವರೇ. ಯಾರು ಮುಂದೆ, ಯಾರು ಹಿಂದೆ ಎಂಬುದು ತಿರುವುಮುರುವಾದೊಡನೆ ಗೋಡೆಗಳು ಜಾಗ ಬದಲಿಸಿದವು. ವಿಷಯವೇ ವಿಂಗಡಣೆಯ ತಳಹದಿಯಾಗಿದ್ದರೆ ಹೀಗಾಗಲು ಕಾರಣವೇ ಇರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಮನಶ್ಶಾಸ್ತ್ರದಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಜೊನಾಥನ್ ಲೀವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಸಣ್ಣಕಥೆಗಳ ಮೇಲೆ ಪ್ರಯೋಗ ನಡೆಸಿ, ಕೊನೆಯನ್ನು ಮೊದಲೇ ತಿಳಿದು ಓದಿದವರಿಗೆ ಕಥೆ ಇನ್ನೂ ಹೆಚ್ಚು ಹಿಡಿಸಿತೆಂದು ವರದಿ ಮಾಡಿದರು. ಹಾಗಿದ್ದರೆ ಈ ಎಚ್ಚರಿಕೆ, ಬೇಲಿ ಎಲ್ಲವೂ ಇಲ್ಲದ ಭಯಕ್ಕೆ ಕಟ್ಟಿದ್ದೇ? 2015ರಲ್ಲಿ ಬೆಂಜಮಿನ್ ಜಾನ್ಸನ್ ಮತ್ತು ಜುಡಿತ್ ರೋಸೆನ್‌ಬಾಮ್ ನಡೆಸಿದ ಅಧ್ಯಯನದ ಫಲಿತಾಂಶ ಇದಕ್ಕೆ ಎದುರಾಗಿತ್ತು. ಕೊನೆ ತಿಳಿಯದೆ ಓದಿದ ಕಥೆಗಳೇ ಹೆಚ್ಚು ಕುತೂಹಲ ಹುಟ್ಟಿಸಿದವು. ಆದರೆ ಪ್ರಯೋಗಗಳ ಜಗಳ ತೀರದಿದ್ದರೂ ಉತ್ತರ ಕೊಡಬಹುದು. ಒಬ್ಬರೇ ಕುಳಿತು ಒಂದೇ ಪಟ್ಟಿಗೆ ಓದಿ ಮುಗಿಸುವ ಸಣ್ಣಕಥೆ ಬೇರೆ, ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ವಾರ ಬಿಟ್ಟು ಬರುವ ಧಾರಾವಾಹಿ ಬೇರೆ. ಆ ವಾರವಿಡೀ ಊಹಿಸುವುದು, ವಾದಿಸುವುದು, ಬೇರೆಯವರ ಊಹೆಯನ್ನು ಬೀಳಿಸುವುದು ಇವೇ ಅಭಿಮಾನಿ ಕೂಟದ ಕಸುಬು. ಉತ್ತರ ಗೊತ್ತಿರುವವರು ನಡುವೆ ಬಂದು ಕುಳಿತರೆ ಆ ಆಟಕ್ಕೇ ಅರ್ಥವಿಲ್ಲ. ಕೆಡುವುದು ಒಬ್ಬರ ಕಥಾನಂದಕ್ಕಿಂತ ಹೆಚ್ಚಾಗಿ ಎಲ್ಲರೂ ಸೇರಿ ಮಾಡುವ ಕೆಲಸ.

ಗುಟ್ಟನ್ನು ಹುಡುಕಿ ಹಿಡಿಯುವುದನ್ನೇ ಕಸುಬಾಗಿಸಿಕೊಂಡ ಕೂಟಗಳೂ ಇವೆ, ಅವನ್ನು ಮರೆಯುವಂತಿಲ್ಲ. 2000ದಲ್ಲಿ ಸಿಬಿಎಸ್‌ನಲ್ಲಿ ಶುರುವಾದ ‘ಸರ್ವೈವರ್’ ಸ್ಪರ್ಧೆಯ ಚಿತ್ರೀಕರಣ ಪ್ರಸಾರಕ್ಕೆ ಮೊದಲೇ ಮುಗಿದಿರುತ್ತದೆ. ಅಭಿಮಾನಿಗಳು ಉಪಗ್ರಹ ಚಿತ್ರಗಳಲ್ಲಿ ಚಿತ್ರೀಕರಣದ ಜಾಗ ಹುಡುಕಿದರು, ಪ್ರೋಮೊಗಳ ಚಿತ್ರಚಿತ್ರವನ್ನೂ ಜಾಲಾಡಿದರು, ಗೆದ್ದವರು ಯಾರೆಂದು ಸೇರಿ ಲೆಕ್ಕ ಹಾಕಿದರು. 2003ರ ಅಮೆಜಾನ್ ಆವೃತ್ತಿಯ ಹೊತ್ತಿಗೆ, ಬ್ರೆಜಿಲ್‌ಗೆ ಪ್ರವಾಸ ಹೋಗಿದ್ದ ಒಬ್ಬರು ಅಲ್ಲಿಯೇ ತಿಳಿದುಕೊಂಡೆನೆಂದು ಫಲಿತಾಂಶ ಹೇಳತೊಡಗಿದಾಗ ಇದೇ ಕೂಟದಲ್ಲಿ ದೊಡ್ಡ ಬಿರುಕು ಬಿತ್ತು: ಸೇರಿ ಬಿಡಿಸುವ ಒಗಟನ್ನು ಒಬ್ಬರೇ ಉತ್ತರ ತಂದು ಮುಗಿಸಿಬಿಟ್ಟರಲ್ಲ ಎಂಬ ನೋವು. ಜೆಂಕಿನ್ಸ್ ಇದನ್ನು 2006ರ ಪುಸ್ತಕದಲ್ಲಿ ವಿವರಿಸಿದ್ದಾರೆ. ‘ಲಾಸ್ಟ್’ ಧಾರಾವಾಹಿಯ ಅಭಿಮಾನಿಗಳನ್ನು ಕುರಿತು ಜೊನಾಥನ್ ಗ್ರೇ ಮತ್ತು ಜೇಸನ್ ಮಿಟೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸ್ಪಾಯ್ಲರ್‌ಗಳನ್ನು ಬೇಕೆಂದೇ ಓದುವ, ಓದಿಯೂ ಕಥೆಯನ್ನು ಸವಿಯುವ ವೀಕ್ಷಕರು ಕಾಣುತ್ತಾರೆ. ಅವರಿಗೂ ಪ್ರತ್ಯೇಕ ಜಾಗ ಬೇಕಾಯಿತೆಂಬುದೇ ಇಲ್ಲಿ ಮುಖ್ಯ. ಗುಟ್ಟು ಬೇಕೆನ್ನುವವರೂ ಬೇಡವೆನ್ನುವವರೂ ಒಂದೇ ಗೆರೆಯ ಎರಡು ಬದಿಯಲ್ಲಿ ನಿಂತಿದ್ದಾರೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಕೂಟಗಳು ಒಡೆಯುವುದು ರುಚಿಭೇದದಿಂದ, ಪ್ರೀತಿ-ದ್ವೇಷದಿಂದ ಅಲ್ಲವೇ? ‘ದಿ ಎಕ್ಸ್ ಫೈಲ್ಸ್’ನ ಅಭಿಮಾನಿಗಳು ಅದರ ಮುಖ್ಯ ಪಾತ್ರಗಳಾದ ಮುಲ್ಡರ್ ಮತ್ತು ಸ್ಕಲ್ಲಿ ಪ್ರೇಮಿಗಳಾಗಬೇಕು ಎಂಬ ‘ಶಿಪ್ಪರ್’ಗಳು, ಕೂಡದು ಎಂಬ ‘ನೋರೋಮೊ’ಗಳು ಎಂದು 1990ರ ದಶಕದಲ್ಲೇ ಬೇರಾಗಿದ್ದರು. ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯ ಸೀಸನ್ 2019ರ ಮೇ 19ರಂದು ಮುಗಿಯುವ ಹೊತ್ತಿಗೆ ಅದನ್ನು ಹೊಸದಾಗಿ ತೆಗೆಯಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಸಿಟ್ಟಾದವರು ‘ಫ್ರೀಫೋಕ್’ ಎಂಬ ಸಬ್‌ರೆಡಿಟ್‌ನಲ್ಲಿ, ಮೆಚ್ಚಿದವರು ‘ನಾತ್’ ಎಂಬ ಹೆಸರಿನದರಲ್ಲಿ ಬೇರೆ ಬೇರೆ ನೆಲೆ ಮಾಡಿಕೊಂಡರು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು, ಆದರೆ ಅದರ ಕಾಲವನ್ನು ಗಮನಿಸಬೇಕು. ಫ್ರೀಫೋಕ್ ಮೊದಲು ಹೆಸರಾದದ್ದು ಸೋರಿಕೆಯಾದ ಕಥೆಯನ್ನು ಮುಕ್ತವಾಗಿ ಮಾತಾಡಲು ಬಿಡುವ ಜಾಗವೆಂದು. ಅದು ಸಿಟ್ಟಿನ ಮನೆಯಾದದ್ದು ಕಥೆ ಮುಗಿಯುತ್ತ ಬಂದಾಗ. ಎಲ್ಲರೂ ಎಲ್ಲವನ್ನೂ ನೋಡಿಯಾಗಿ ಮುಂದೆ-ಹಿಂದೆ ಎಂಬುದೇ ಇಲ್ಲವಾದಾಗ, ಕೂಟಕ್ಕೆ ಬೇರೊಂದು ಗೆರೆ ಬೇಕಾಗುತ್ತದೆ, ಆಗ ತೀರ್ಪು ಆ ಜಾಗಕ್ಕೆ ಬರುತ್ತದೆ. ಎಕ್ಸ್ ಫೈಲ್ಸ್ ಇದಕ್ಕೆ ಹೊರತಾಗಿ ಕಂಡರೂ, ಅಲ್ಲಿನ ಜಗಳ ಮುಂದೆ ಏನಾಗಬೇಕು ಎಂಬುದರ ಮೇಲೆಯೇ ನಡೆದಿತ್ತು. ಆದ್ದರಿಂದ ರುಚಿಭೇದ ಕಾಲದ ವಿಂಗಡಣೆಯನ್ನು ಸುಳ್ಳು ಮಾಡುವುದಿಲ್ಲ, ಅದರ ಬೆನ್ನ ಹಿಂದೆ ಬರುತ್ತದೆ.

ಪ್ರಸಾರದ ರೀತಿ ಬದಲಾದಾಗಲೆಲ್ಲ ಕೂಟದ ನಕ್ಷೆಯೂ ಬದಲಾಗಿರುವುದು ಇನ್ನೊಂದು ಆಧಾರ. ನೆಟ್‌ಫ್ಲಿಕ್ಸ್ 2013ರ ಫೆಬ್ರವರಿ 1ರಂದು ‘ಹೌಸ್ ಆಫ್ ಕಾರ್ಡ್ಸ್’ನ ಹದಿಮೂರೂ ಕಂತುಗಳನ್ನು ಒಮ್ಮೆಗೇ ಬಿಟ್ಟಾಗ ಎಲ್ಲರೂ ಸೇರಿ ಕಾಯುವ ವಾರವೇ ಮಾಯವಾಯಿತು. ಒಬ್ಬರು ಎರಡೇ ದಿನದಲ್ಲಿ ಮುಗಿಸಿದರೆ ಇನ್ನೊಬ್ಬರು ತಿಂಗಳು ತೆಗೆದುಕೊಂಡರು. ಪಂಕ್ತಿಯಲ್ಲಿ ಕೂತು ಒಟ್ಟಿಗೆ ಉಣ್ಣುತ್ತಿದ್ದವರಿಗೆ ಒಮ್ಮೆಲೇ ಬುತ್ತಿ ಕಟ್ಟಿ ಕಳಿಸಿದಂತಾಯಿತು. ಕೂಟಗಳು ಮೊದಲ ದಿನವೇ ಕಂತಿಗೊಂದರಂತೆ ಎಲ್ಲ ಥ್ರೆಡ್‌ಗಳನ್ನೂ ತೆರೆದಿಟ್ಟು, ಐದನೇ ಕಂತಿನ ಥ್ರೆಡ್‌ನಲ್ಲಿ ಆರನೆಯದರ ಮಾತೆತ್ತಬಾರದೆಂಬ ನಿಯಮ ತಂದವು. ಕ್ರಮ ಉಳಿಯಿತು, ಆದರೆ ಪ್ರತಿ ಥ್ರೆಡ್‌ನಲ್ಲೂ ಜನ ಚೆದುರಿ ಮಾತು ತೆಳುವಾಯಿತು. 2019ರ ಕೊನೆಗೆ ಡಿಸ್ನಿ ಪ್ಲಸ್ ‘ದಿ ಮ್ಯಾಂಡಲೋರಿಯನ್’ ಅನ್ನು ವಾರಕ್ಕೊಂದರಂತೆ ಬಿಟ್ಟಾಗ ವಾರದ ಚರ್ಚೆ ಮತ್ತೆ ತುಂಬಿಕೊಂಡಿತು. ಇನ್ನೊಂದು ಕಡೆ, ದೇಶಗಳ ನಡುವಣ ಅಂತರ ಸಣ್ಣದಾಗುತ್ತ ಬಂದಿದೆ. 2011ರ ಸರಣಿಯಿಂದ ಬಿಬಿಸಿ ಅಮೆರಿಕ ‘ಡಾಕ್ಟರ್ ಹೂ’ವನ್ನು ಬ್ರಿಟನ್ನಿನ ದಿನವೇ ತೋರಿಸತೊಡಗಿತು. ಗೇಮ್ ಆಫ್ ಥ್ರೋನ್ಸ್‌ನ ಕೊನೆಯ ಸೀಸನ್ ಅಮೆರಿಕದ ಪೂರ್ವ ಕರಾವಳಿಯಲ್ಲಿ ಭಾನುವಾರ ರಾತ್ರಿ 9ಕ್ಕೆ ಬಂದರೆ ಹಾಟ್‌ಸ್ಟಾರ್‌ನಲ್ಲಿ ಬೆಂಗಳೂರಿನವರಿಗೆ ಸೋಮವಾರ ಬೆಳಿಗ್ಗೆ ಆರೂವರೆಗೆ ಸಿಗುತ್ತಿತ್ತು. ಆಫೀಸಿಗೆ ಹೊರಡುವ ಮೊದಲು ನೋಡಿದವರು ಮತ್ತು ಸಂಜೆ ನೋಡುವವರ ನಡುವಿನ ಅಂತರ ಒಂದು ಹಗಲಿಗೆ ಇಳಿದಿತ್ತು. ಈ ವೇಗದ ಹಾದಿಯಲ್ಲೇ ಸೋರಿಕೆಯೂ ಆಯಿತು: 2017ರ ಆಗಸ್ಟ್‌ನಲ್ಲಿ ಏಳನೇ ಸೀಸನ್‌ನ ಒಂದು ಕಂತು ಪ್ರಸಾರಕ್ಕೆ ಮೊದಲೇ ಭಾರತದಿಂದ ಹೊರಬಿದ್ದು, ಮುಂಬೈ ಪೊಲೀಸರು ನಾಲ್ವರನ್ನು ಬಂಧಿಸಿದರು. ಚರ್ಚಾಕೂಟಗಳು ಆ ವಾರ ಸೋರಿದ್ದನ್ನು ನೋಡಿದವರಿಗೊಂದು, ಕಾದವರಿಗೊಂದು ಥ್ರೆಡ್ ತೆರೆಯಬೇಕಾಯಿತು.

ಕನ್ನಡ ಧಾರಾವಾಹಿಗಳಿಗೂ ಇಂಥ ಅಂತರ ಬಂದಿದೆ, ಅದಕ್ಕೆ ತಕ್ಕ ಕೂಟ ಮಾತ್ರ ಬೆಳೆದಿಲ್ಲ. ಝೀ5, ವೂಟ್‌ನಂಥ ಆ್ಯಪ್‌ಗಳು ಚಂದಾದಾರರಿಗೆ ಟಿವಿಗಿಂತ ಮೊದಲೇ ಕಂತು ತೋರಿಸುವ ಪದ್ಧತಿ ತಂದವು. ‘ಬಿಗ್ ಬಾಸ್’ನ ಇತ್ತೀಚಿನ ಕೆಲವು ಆವೃತ್ತಿಗಳಲ್ಲಿ ದಿನವಿಡೀ ನೇರಪ್ರಸಾರ ನೋಡಿದವರೂ ರಾತ್ರಿಯ ಎಡಿಟ್ ಆದ ಕಂತು ನೋಡುವವರೂ ಬೇರೆಯಾದರು. ಇವರೆಲ್ಲರ ಮಾತೂ ವಾಹಿನಿ ಹಾಕುವ ಪ್ರೋಮೊದ ಕೆಳಗೆ, ಫೇಸ್‌ಬುಕ್‌ನಲ್ಲಿ, ಯೂಟ್ಯೂಬ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಒಂದೇ ರಾಶಿಯಾಗಿ ಬೀಳುತ್ತದೆ. ಅಲ್ಲಿ ಹೆಚ್ಚು ಲೈಕ್ ಬಂದದ್ದು ಮೇಲೆ ಬರುತ್ತದೆ, ಓದುವವರು ಎಲ್ಲಿಯವರೆಗೆ ನೋಡಿದ್ದಾರೆಂದು ಯಾರೂ ಕೇಳುವುದಿಲ್ಲ. ಆರು ದಿನವೂ ಕಾದು ನೋಡುವ ಕನ್ನಡದ ವೀಕ್ಷಕರಿಗೆ ಕಂತುವಾರು ಚರ್ಚೆಯ ಸಂಗ್ರಹವೊಂದು ಇಲ್ಲದಿರುವುದು ದೊಡ್ಡ ಕೊರತೆ; ಮುಂದೊಂದು ದಿನ ಈ ಧಾರಾವಾಹಿಗಳನ್ನು ಜನ ಹೇಗೆ ಸ್ವೀಕರಿಸಿದರೆಂದು ಹುಡುಕುವವರಿಗೆ ಇದು ನಷ್ಟ.

ಸಂಗ್ರಹ ಕಳೆದುಹೋಗುವುದು ಅಮೆರಿಕದಲ್ಲೂ ಆಗಿದೆ. ಟೆಲಿವಿಷನ್ ವಿದೌಟ್ ಪಿಟಿಯನ್ನು ಒಡೆತನದ ಕಂಪನಿ 2014ರಲ್ಲಿ ಮುಚ್ಚಿತು. ಐಎಂಡಿಬಿ ತನ್ನ ಸಂದೇಶ ಫಲಕಗಳನ್ನು 2017ರ ಫೆಬ್ರವರಿ 20ರಂದು ನಿಲ್ಲಿಸಿತು. 2023ರ ಜೂನ್‌ನಲ್ಲಿ ರೆಡಿಟ್ ಹೊರಗಿನ ಆ್ಯಪ್‌ಗಳಿಗೆ ಶುಲ್ಕ ವಿಧಿಸಿದ್ದನ್ನು ವಿರೋಧಿಸಿ ಎಂಟು ಸಾವಿರಕ್ಕೂ ಹೆಚ್ಚು ಸಬ್‌ರೆಡಿಟ್‌ಗಳ ಮಾಡರೇಟರ್‌ಗಳು ಬಾಗಿಲು ಹಾಕಿದಾಗ, ಈ ಕ್ರಮವನ್ನೆಲ್ಲ ದಿನವೂ ಕಾಯುತ್ತಿರುವವರು ಸಂಬಳವಿಲ್ಲದ ಜನ ಎಂಬುದು ಹೊರಗಿನವರಿಗೂ ಕಂಡಿತು. ಈಗ ಅನೇಕ ಕೂಟಗಳು ಡಿಸ್ಕಾರ್ಡ್‌ಗೆ ಹೋಗಿವೆ. ಅಲ್ಲಿ ನಿರ್ದಿಷ್ಟ ‘ರೋಲ್’ ಪಡೆದ ಸದಸ್ಯರಿಗೆ ಮಾತ್ರ ಕಾಣುವ ಸ್ಪಾಯ್ಲರ್ ಚಾನೆಲ್‌ಗಳನ್ನು ಮಾಡಬಹುದು; ವಿಂಗಡಣೆಗೆ ಇದಕ್ಕಿಂತ ಚೊಕ್ಕ ಸಾಧನ ಹಿಂದೆ ಇರಲಿಲ್ಲ. ಆದರೆ ಅಲ್ಲಿ ಮಾತು ಹರಿದುಹೋಗುತ್ತದೆ, ಹೊರಗಿನ ಹುಡುಕುಯಂತ್ರಗಳಿಗೆ ಸಿಗುವುದಿಲ್ಲ, ತಡವಾಗಿ ಬಂದವರಿಗೆ ಮೂರನೇ ಕಂತಿನ ಚರ್ಚೆ ಎಲ್ಲಿದೆಯೆಂದು ಸುಲಭವಾಗಿ ತೋರಿಸಲಾಗುವುದಿಲ್ಲ. ತಡವಾಗಿ ಬರುವವರು ಸದಾ ಇರುತ್ತಾರೆ. 2010ರಲ್ಲೇ ಮುಗಿದ ‘ಲಾಸ್ಟ್’ 2024ರ ಜುಲೈನಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್‌ಗೆ ಮರಳಿತು. ಅದನ್ನು ಈಗ ಮೊದಲ ಸಲ ನೋಡುವವರು ಅದರ ಸಬ್‌ರೆಡಿಟ್‌ಗೆ ಬಂದು ತಾವು ಯಾವ ಸೀಸನ್ನಿನ ಎಷ್ಟನೇ ಕಂತಿನಲ್ಲಿದ್ದೇವೆಂದು ಮೊದಲೇ ಬರೆಯುತ್ತಾರೆ, ಹಳಬರು ಅಷ್ಟರೊಳಗಿನದನ್ನು ಮಾತ್ರ ಹೇಳಿ ಉತ್ತರಿಸುತ್ತಾರೆ.